ಎತ್ತರ, ವೇಗ, ಘರ್ಷಣೆ: ಯಾಂತ್ರಿಕ ಶಕ್ತಿ ಸಂರಕ್ಷಣೆಯ ಲೆಕ್ಕ ತಪ್ಪದಂತೆ ಮಾಡುವ ಕ್ರಮ

ಪ್ರಶ್ನೆಯಲ್ಲಿ ‘ಎತ್ತರ’ ಅಂತ ಕಂಡ ಕೂಡಲೇ ‘ಎಂ ಜಿ ಎಚ್ ಈಸ್ ಈಕ್ವಲ್ ಟು ಹಾಫ್ ಎಂ ವಿ ಸ್ಕ್ವೇರ್’ ಎಂದು ಮಕ್ಕಳು ಬರೆದುಬಿಡುತ್ತಾರೆ (ಎಂ ದ್ರವ್ಯರಾಶಿ, ಜಿ ಗುರುತ್ವದ ವೇಗೋತ್ಕರ್ಷ 9.8, ಎಚ್ ಎತ್ತರ, ವಿ ವೇಗ). ಪ್ರಥಮ ಪಿಯುಸಿಯ ಶಕ್ತಿ ಪಾಠದ ಲೆಕ್ಕಗಳು ಕೆಡುವುದು ಜಾಸ್ತಿ ಇಲ್ಲೇ. ಹಾಸನದಲ್ಲಿ ಸಂಜೆ ಪಾಠಕ್ಕೆ ಬರುವ ಮಕ್ಕಳ ನೋಟ್‌ಬುಕ್ ತಿರುವಿದರೆ ಸೂತ್ರ ಸರಿ ಇರುತ್ತದೆ, ಗುಣಾಕಾರವೂ ಸರಿ ಇರುತ್ತದೆ. ಉತ್ತರ ಮಾತ್ರ ತಪ್ಪು. ಒಂದೋ ಆ ಸೂತ್ರ ಆ ಪ್ರಶ್ನೆಗೆ ಹೊಂದುವುದಿಲ್ಲ, ಇಲ್ಲವೇ ಹಾಕಿದ ಎತ್ತರವೇ ಬೇರೆ ಯಾವುದೋ ಎತ್ತರ.

ಅದಕ್ಕೆ ಈ ಕ್ರಮದಲ್ಲಿ ಸೂತ್ರ ಬರುವುದು ಐದನೇ ಹಂತದಲ್ಲಿ. ಅಲ್ಲಿಯವರೆಗೆ ಪೆನ್ನು ಕೆಳಗಿಡಿ, ಪೆನ್ಸಿಲ್ ಹಿಡಿಯಿರಿ.

ನಿಯಮ ಇಷ್ಟೇ: ಗುರುತ್ವ ಮತ್ತು ಸ್ಪ್ರಿಂಗ್‌ನಂಥ ಬಲಗಳನ್ನು ಬಿಟ್ಟು ಬೇರೆ ಯಾವ ಬಲವೂ ಕೆಲಸ ಮಾಡದಿದ್ದರೆ, ಚಲನಶಕ್ತಿ (ವೇಗದಿಂದ ಬರುವ ಶಕ್ತಿ) ಮತ್ತು ಪ್ರಚ್ಛನ್ನ ಶಕ್ತಿಯ (ಎತ್ತರದಲ್ಲೋ ಒತ್ತಿದ ಸ್ಪ್ರಿಂಗಿನಲ್ಲೋ ಕೂತ ಶಕ್ತಿ) ಮೊತ್ತ ಬದಲಾಗುವುದಿಲ್ಲ. ಕೆಲಸ ಅಂದರೆ ಬಲ × ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರ. ಈ ಮೊತ್ತವನ್ನೇ ಯಾಂತ್ರಿಕ ಶಕ್ತಿ ಅನ್ನುವುದು. ವಾಕ್ಯದ ಮೊದಲರ್ಧದಲ್ಲಿರುವ ಷರತ್ತನ್ನು ಬಿಟ್ಟು ಎರಡನೇ ಅರ್ಧವನ್ನಷ್ಟೇ ಬಾಯಿಪಾಠ ಮಾಡಿದವರಿಗೇ ತೊಂದರೆ.

ಬೇಕಾದ ಸಾಮಾನು

ಲೆಕ್ಕಕ್ಕೆ ಹಾಳೆ, ಪೆನ್ಸಿಲ್, ವರ್ಗಮೂಲದ ಗುಂಡಿ ಇರುವ ಕ್ಯಾಲ್ಕ್ಯುಲೇಟರ್ ಸಾಕು. ಕೊನೆಯ ಹಂತದಲ್ಲಿ ಮನೆಯಲ್ಲೇ ಮಾಡುವ ಒಂದು ಪ್ರಯೋಗವಿದೆ. ಅದಕ್ಕೆ ಒಂದೂಕಾಲು ಮೀಟರ್ ಹುರಿ, ದಪ್ಪನೆಯ ಕಬ್ಬಿಣದ ನಟ್, ಟೇಪು, 30 ಸೆಂಟಿಮೀಟರ್ ಸ್ಕೇಲು, ಎರಡು ಮೊಳೆ, ಒಂದು ಹಲಗೆ ಮತ್ತು ಸ್ಲೋ ಮೋಷನ್ ವಿಡಿಯೊ ತೆಗೆಯುವ ಮೊಬೈಲ್ ಬೇಕು. ಗೋಣಿಚೀಲ ಹೊಲಿಯುವ ಹುರಿ ಒಳ್ಳೆಯದು. ಹಿಗ್ಗುವ ಎಲಾಸ್ಟಿಕ್ ದಾರ ಬೇಡವೇ ಬೇಡ. ಹಿಗ್ಗಿದರೆ ಅದರಲ್ಲೂ ಶಕ್ತಿ ಹೋಗಿ ಕೂರುತ್ತದೆ, ನಿಮ್ಮ ಲೆಕ್ಕಕ್ಕೆ ಸಿಗುವುದಿಲ್ಲ.

ಹಂತ 1: ಚಿತ್ರ ಬರೆದು ಎರಡು ಕ್ಷಣ ಗುರುತಿಸಿ

ಈ ಲೆಕ್ಕದಲ್ಲಿ ನಡುವೆ ಏನೇನಾಯಿತು ಎಂದು ನೋಡುವ ಅಗತ್ಯವಿಲ್ಲ. ಶುರುವಿನ ಒಂದು ಕ್ಷಣ, ಕೊನೆಯ ಒಂದು ಕ್ಷಣ ಸಾಕು. ಆದರೆ ಆ ಎರಡನ್ನು ಸರಿಯಾಗಿ ಆರಿಸಿಕೊಳ್ಳಬೇಕು.

ಅರಸೀಕೆರೆಯ ತೋಟದಲ್ಲಿ 15 ಮೀಟರ್ ಎತ್ತರದಿಂದ ಒಂದೂವರೆ ಕಿಲೋ ತೂಕದ ತೆಂಗಿನಕಾಯಿ ಬೀಳುತ್ತದೆ ಅಂದುಕೊಳ್ಳಿ. ಶುರು: ತೊಟ್ಟು ಕಳಚಿದ ಕ್ಷಣ, ವೇಗ ಸೊನ್ನೆ. ಕೊನೆ ಯಾವುದು? ‘ನೆಲಕ್ಕೆ ಬಿದ್ದಾಗ’ ಎಂದು ಬರೆದು, ಬಿದ್ದ ಮೇಲೆ ಕಾಯಿ ನಿಂತಿರುತ್ತದಲ್ವಾ ಅಂತ ವೇಗವನ್ನೂ ಸೊನ್ನೆ ಹಾಕುವವರಿದ್ದಾರೆ. ಆಗ ಒಂದು ಕಡೆ 1.5 × 9.8 × 15, ಅಂದರೆ ಸುಮಾರು 220 ಜೂಲ್ (ಜೂಲ್ ಶಕ್ತಿಯ ಮಾನ), ಇನ್ನೊಂದು ಕಡೆ ಸೊನ್ನೆ. ಕೊನೆಯ ಕ್ಷಣ ಅಂದರೆ ಕಾಯಿ ನೆಲ ಮುಟ್ಟುವುದಕ್ಕೆ ಸ್ವಲ್ಪವೇ ಮುಂಚೆ. ಮುಟ್ಟಿದ ಮೇಲೆ ಮಣ್ಣು ತಗ್ಗಾಗುತ್ತದೆ, ಸದ್ದು ಬರುತ್ತದೆ, ಬಿಸಿಯಾಗುತ್ತದೆ. ಅದು ಬೇರೆಯೇ ಲೆಕ್ಕ.

ಎಸೆಯುವ ಪ್ರಶ್ನೆಯಲ್ಲಿ ಇದೇ ತಪ್ಪು ತಲೆಕೆಳಗಾಗಿ ಬರುತ್ತದೆ. ಅಲ್ಲಿ ಶುರುವಿನ ಕ್ಷಣ ಚೆಂಡು ಕೈ ಬಿಟ್ಟ ಮೇಲೆ. ಕೈಯಲ್ಲಿ ಇರುವಾಗ ಕೈ ತಳ್ಳುತ್ತಿರುತ್ತದೆ.

ಹಂತ 2: ಬಲಗಳನ್ನು ಮೂರು ಗುಂಪು ಮಾಡಿ

ಇಡೀ ಲೆಕ್ಕ ನಿಂತಿರುವುದು ಈ ಹಂತದ ಮೇಲೆ. ಬಹಳಷ್ಟು ಜನ ಹಾರಿಸಿಬಿಡುವುದೂ ಇದನ್ನೇ. ವಸ್ತುವಿನ ಮೇಲೆ ಯಾವ್ಯಾವ ಬಲ ಇದೆ ಎಂದು ಪಟ್ಟಿ ಮಾಡಿ, ಒಂದೊಂದನ್ನೂ ಮೂರರಲ್ಲಿ ಒಂದು ಗುಂಪಿಗೆ ಹಾಕಿ.

ಮೊದಲ ಗುಂಪು: ಗುರುತ್ವ, ಸ್ಪ್ರಿಂಗ್. ಇವು ತೆಗೆದುಕೊಂಡದ್ದನ್ನು ಪೂರ್ತಿ ವಾಪಸ್ ಕೊಡುತ್ತವೆ. ಇವಕ್ಕೆ ಪ್ರಚ್ಛನ್ನ ಶಕ್ತಿ ಬರೆಯುತ್ತೇವೆ.

ಎರಡನೇ ಗುಂಪು: ಬಲ ಇದೆ, ಕೆಲಸ ಇಲ್ಲ. ಜೋಕಾಲಿಯ ಹಗ್ಗದ ಎಳೆತ ಯಾವಾಗಲೂ ಹಗ್ಗದ ಉದ್ದಕ್ಕೆ, ಕೂತವರು ಚಲಿಸುವುದು ಅದಕ್ಕೆ ಅಡ್ಡಲಾಗಿ. ಬಲಕ್ಕೂ ಚಲನೆಗೂ 90 ಡಿಗ್ರಿ ಇದ್ದರೆ ಕೆಲಸ ಸೊನ್ನೆ. ಇಳಿಜಾರಿನ ಹಲಗೆ ವಸ್ತುವನ್ನು ನೇರವಾಗಿ ಹೊರಕ್ಕೆ ಒತ್ತುವ ಬಲವೂ ಹಾಗೆಯೇ. ಇವು ಎಷ್ಟೇ ದೊಡ್ಡದಿರಲಿ, ಹೊಡೆದುಹಾಕಿ.

ಮೂರನೇ ಗುಂಪು: ಉಜ್ಜುವ ಘರ್ಷಣೆ, ಗಾಳಿಯ ತಡೆ, ಬ್ರೇಕು, ಎಂಜಿನ್ನು, ತಳ್ಳುವ ಕೈ, ಹತ್ತುವ ಕಾಲು. ಇಲ್ಲಿ ಒಂದೇ ಒಂದು ಹೆಸರು ಬಂದರೂ ಯಾಂತ್ರಿಕ ಶಕ್ತಿ ಸಂರಕ್ಷಣೆ ಅಲ್ಲಿಗೆ ಮುಗಿಯಿತು. ಹಂತ 3, 4 ಮುಗಿಸಿ, 5ರ ಬದಲು ಹಂತ 6ಕ್ಕೆ ಹೋಗಿ.

‘ಹಾಗಾದರೆ ನಿಜ ಜೀವನದಲ್ಲಿ ಮೂರನೇ ಗುಂಪು ಖಾಲಿ ಇರುವುದೇ ಇಲ್ಲವಲ್ಲ’ ಅಂತ ಕೇಳಬಹುದು. ನಿಜ. ಗಾಳಿ ಎಲ್ಲ ಕಡೆ ಇದೆ. ಅದು ತಿನ್ನುವ ಪಾಲು ಎಷ್ಟು ಅನ್ನುವುದೇ ಮುಖ್ಯ. ತೆಂಗಿನಕಾಯಿಗೆ ಸಣ್ಣ ಪಾಲು, ಬಿಟ್ಟರೂ ನಡೆಯುತ್ತದೆ. ಅದೇ ಮರದಿಂದ ಬೀಳುವ ಒಣ ಎಲೆಗೆ ಹೆಚ್ಚೂಕಡಿಮೆ ಪೂರ್ತಿ ಪಾಲು. ಎಲೆಗೆ ಈ ಸೂತ್ರ ಹಾಕಬೇಡಿ. ಪರೀಕ್ಷೆಯ ಪ್ರಶ್ನೆಯಲ್ಲಿ ‘ನುಣುಪಾದ’, ‘ಗಾಳಿಯ ತಡೆಯನ್ನು ಕಡೆಗಣಿಸಿ’ ಎಂದು ಬರೆದಿದ್ದರೆ ಮೂರನೇ ಗುಂಪನ್ನು ಅವರೇ ಖಾಲಿ ಮಾಡಿಕೊಟ್ಟಿದ್ದಾರೆ ಅಂತ ಅರ್ಥ. ಆ ಪದದ ಕೆಳಗೆ ಗೆರೆ ಎಳೆಯಿರಿ.

ಹಂತ 3: ಸೊನ್ನೆ ಗೆರೆ ಎಳೆದು ಎತ್ತರ ಅಳೆಯಿರಿ

ಎತ್ತರ ಎಲ್ಲಿಂದ? ನೀವು ಎಲ್ಲಿಂದ ಅಂತೀರೋ ಅಲ್ಲಿಂದ. ಆದರೆ ಒಂದು ಲೆಕ್ಕದಲ್ಲಿ ಒಂದೇ ಗೆರೆ. ಎರಡು ಕ್ಷಣಗಳಲ್ಲಿ ಕೆಳಗಿನದರ ಮಟ್ಟದಲ್ಲಿ ಗೆರೆ ಎಳೆದರೆ ಒಂದು ಎತ್ತರ ಸೊನ್ನೆಯಾಗಿ ಕೆಲಸ ಹಗುರಾಗುತ್ತದೆ.

ಇಲ್ಲಿ ಮೂರು ಥರ ಎಡವುತ್ತಾರೆ.

ಒಂದು, ಸಮುದ್ರ ಮಟ್ಟದ ಅಂಕಿ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಚಿಕ್ಕಮಗಳೂರು ಊರೇ ಸುಮಾರು 1,090 ಮೀಟರ್ ಮೇಲಿದೆ. ಊರಿನಿಂದ ತುದಿಗೆ ಹೋದವರ ಲೆಕ್ಕಕ್ಕೆ ಬೇಕಾದದ್ದು ಇವೆರಡರ ವ್ಯತ್ಯಾಸ, ಸುಮಾರು 840 ಮೀಟರ್. ಬೋರ್ಡಿನ ಮೇಲಿನ ಅಂಕಿಯನ್ನು ಹಾಗೇ ಎತ್ತಿ ಹಾಕಿದರೆ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ ಬರುತ್ತದೆ.

ಎರಡು, ದಾರಿಯ ಉದ್ದವನ್ನು ಎತ್ತರ ಅಂದುಕೊಳ್ಳುವುದು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಬಂಡೆಯ ಮೇಲೆ ಓರೆಯಾಗಿ ನಡೆದ ದೂರ ಬಹಳ. ಗುರುತ್ವದ ಲೆಕ್ಕಕ್ಕೆ ಅದು ಬೇಡ. ಬುಡದಿಂದ ತುದಿಗೆ ನೇರವಾಗಿ ಸುಮಾರು 143 ಮೀಟರ್. 50 ಕಿಲೋ ತೂಕದವರು ಹತ್ತಿದರೆ ಹೆಚ್ಚುವ ಪ್ರಚ್ಛನ್ನ ಶಕ್ತಿ 50 × 9.8 × 143, ಅಂದರೆ ಸುಮಾರು 70,000 ಜೂಲ್.

ಹತ್ತುವಾಗ ಆ ಶಕ್ತಿ ಕೊಟ್ಟದ್ದು ಕಾಲಿನ ಸ್ನಾಯು, ತಿಂದ ತಿಂಡಿಯಿಂದ. ಇಳಿಯುವಾಗ ಅದು ವೇಗವಾಗಿ ವಾಪಸ್ ಬರುತ್ತದೆಯೇ? ಬಂದರೆ ಗೋಮಟೇಶ್ವರನ ದರ್ಶನ ಮಾಡಿ ಕೆಳಗೆ ಬಂದವರು ಗಂಟೆಗೆ 190 ಕಿ.ಮೀ. ವೇಗದಲ್ಲಿ ಕಲ್ಯಾಣಿಗೆ ಹೋಗಿ ಬೀಳಬೇಕಿತ್ತು! ಪ್ರತಿ ಮೆಟ್ಟಿಲಿಗೂ ತೊಡೆಯ ಸ್ನಾಯು ಬ್ರೇಕ್ ಹಾಕುತ್ತದೆ, ಶಕ್ತಿ ಮೈಯಲ್ಲೇ ಬಿಸಿಯಾಗಿ ಹೋಗುತ್ತದೆ. ಮಾರನೇ ದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದಕ್ಕೇ ಜಾಸ್ತಿ. ಹತ್ತುವುದು, ಇಳಿಯುವುದು ಎರಡೂ ಮೂರನೇ ಗುಂಪಿನ ಲೆಕ್ಕ.

ಮೂರು, ಜೋಕಾಲಿಯ ಎತ್ತರ. ಹಲಸಿನ ಕೊಂಬೆಗೆ ಕಟ್ಟಿದ ಜೋಕಾಲಿ, ಕೊಂಬೆಯಿಂದ ಕೂತವರ ಮೈಯ ನಡುವಿಗೆ 2.5 ಮೀಟರ್. ನೇರ ನಿಂತ ಜಾಗದಿಂದ 37 ಡಿಗ್ರಿ ಹಿಂದಕ್ಕೆಳೆದು ಬಿಟ್ಟರೆ ಕೆಳಗೆ ಬಂದಾಗ ವೇಗ ಎಷ್ಟು? 37 ಡಿಗ್ರಿಯ ಕೊಸೈನ್ ಸುಮಾರು 0.8. ಹಗ್ಗದ ಉದ್ದವನ್ನು ಅದರಿಂದ ಗುಣಿಸಿದರೆ 2 ಮೀಟರ್. ಆದರೆ ಅದು ಎತ್ತರವಲ್ಲ, ಕೊಂಬೆಯಿಂದ ಕೆಳಕ್ಕೆ ಇರುವ ದೂರ! ಮೇಲೇರಿದ ಎತ್ತರ 2.5 ರಿಂದ 2 ಕಳೆದದ್ದು, ಅರ್ಧ ಮೀಟರ್. ಸರಿಯಾದ ವೇಗ ಸೆಕೆಂಡಿಗೆ 3.1 ಮೀಟರ್. ತಪ್ಪು ಎತ್ತರ ಹಾಕಿದರೆ 6.3, ಸರಿಯಾಗಿ ಎರಡರಷ್ಟು.

ಅಭ್ಯಾಸದ ಲೆಕ್ಕಗಳಲ್ಲಿ 60 ಡಿಗ್ರಿಯೇ ಜಾಸ್ತಿ. 60ರ ಕೊಸೈನ್ ಅರ್ಧ. ಆಗ ಕಳೆದರೂ ಅಷ್ಟೇ, ಕಳೆಯದಿದ್ದರೂ ಅಷ್ಟೇ. ತಪ್ಪು ದಾರಿಯಲ್ಲಿ ಹೋದವರಿಗೂ ಸರಿ ಉತ್ತರ ಬಂದು, ತಪ್ಪು ಗಟ್ಟಿಯಾಗಿ ಕೂತುಬಿಡುತ್ತದೆ. ಹಾಗಾಗಿ 60 ಡಿಗ್ರಿಯ ಲೆಕ್ಕ ಮಾಡಿದ ಮೇಲೆ ಅದನ್ನೇ 30 ಡಿಗ್ರಿಗೆ ಬದಲಿಸಿ ಇನ್ನೊಂದು ಸಲ ಮಾಡಿ ನೋಡಿ.

ಹಂತ 4: ಅಳತೆಗಳನ್ನು ಒಂದೇ ಮಾನಕ್ಕೆ ತನ್ನಿ

ಗ್ರಾಂ ಇದ್ದರೆ ಕಿಲೋಗ್ರಾಂ, ಸೆಂಟಿಮೀಟರ್ ಇದ್ದರೆ ಮೀಟರ್. ಗಂಟೆಗೆ ಇಷ್ಟು ಕಿಲೋಮೀಟರ್ ಎಂದಿದ್ದರೆ 3.6ರಿಂದ ಭಾಗಿಸಿ. ಇದನ್ನು ಚಿತ್ರದ ಮೇಲೆಯೇ ಬರೆದುಕೊಳ್ಳಿ, ಸಮೀಕರಣದ ಒಳಗೆ ಮಾಡಲು ಹೋಗಬೇಡಿ.

ಸ್ಪ್ರಿಂಗ್‌ನಲ್ಲಿ ಇದು ಭಾರಿ ಏಟು ಕೊಡುತ್ತದೆ, ಯಾಕೆಂದರೆ ಒತ್ತಿದ ದೂರವನ್ನು ವರ್ಗ ಮಾಡುತ್ತೇವೆ. ಮೀಟರಿಗೆ 200 ನ್ಯೂಟನ್ ಬಿಗಿಯ ಸ್ಪ್ರಿಂಗನ್ನು 5 ಸೆಂಟಿಮೀಟರ್ ಒತ್ತಿ, ಮೇಲೆ 50 ಗ್ರಾಂ ಚೆಂಡು ಇಟ್ಟು ಬಿಟ್ಟರೆ ಸ್ಪ್ರಿಂಗ್ ಕೊಡುವ ಶಕ್ತಿ (ಅರ್ಧ × ಬಿಗಿ × ಒತ್ತಿದ ದೂರದ ವರ್ಗ) ½ × 200 × 0.05², ಅಂದರೆ 0.25 ಜೂಲ್. ಚೆಂಡು ಒತ್ತಿದ ಜಾಗದಿಂದ ಸುಮಾರು 51 ಸೆಂಟಿಮೀಟರ್ ಮೇಲೇಳುತ್ತದೆ. 0.05 ಬದಲು ಸುಮ್ನೆ 5 ಹಾಕಿದರೆ? 5,102 ಮೀಟರ್. ಮುಳ್ಳಯ್ಯನಗಿರಿಯ ಎರಡೂವರೆ ಪಟ್ಟಿಗಿಂತ ಜಾಸ್ತಿ. ಇಂಥ ಉತ್ತರವನ್ನು ಎರಡು ಗೆರೆ ಎಳೆದು ನೀಟಾಗಿ ಬಾಕ್ಸ್ ಹಾಕಿ ಒಪ್ಪಿಸುವವರೂ ಇದ್ದಾರೆ.

ಹಂತ 5: ಈಗ ಸಮೀಕರಣ

ನಾಲ್ಕು ಪದಗಳನ್ನೂ ಪೂರ್ತಿ ಬರೆಯಿರಿ: ಶುರುವಿನ ಚಲನಶಕ್ತಿ + ಶುರುವಿನ ಪ್ರಚ್ಛನ್ನ ಶಕ್ತಿ = ಕೊನೆಯ ಚಲನಶಕ್ತಿ + ಕೊನೆಯ ಪ್ರಚ್ಛನ್ನ ಶಕ್ತಿ. ಸ್ಪ್ರಿಂಗ್ ಇದ್ದರೆ ಎರಡೂ ಕಡೆ ಅದಕ್ಕೊಂದೊಂದು ಪದ. ಬರೆದಾದ ಮೇಲೆ ಸೊನ್ನೆಗಳನ್ನು ಹೊಡೆಯಿರಿ. ಮೊದಲೇ ಎರಡೇ ಪದ ಬರೆಯುವ ಅಭ್ಯಾಸದಿಂದ, ಮೇಲಕ್ಕೆಸೆದ ಚೆಂಡಿನ ಶುರುವಿನ ವೇಗ ಕಳೆದುಹೋಗುತ್ತದೆ.

ತೆಂಗಿನಕಾಯಿಗೆ ಬನ್ನಿ. ಶುರುವಿನ ಚಲನಶಕ್ತಿ ಸೊನ್ನೆ, ಕೊನೆಯ ಪ್ರಚ್ಛನ್ನ ಶಕ್ತಿ ಸೊನ್ನೆ. ಉಳಿದ ಎರಡರಲ್ಲೂ ದ್ರವ್ಯರಾಶಿ ಇದೆ, ಹೊಡೆದುಹೋಗುತ್ತದೆ. ವೇಗದ ವರ್ಗ = 2 × 9.8 × 15 = 294. ವೇಗ ಸೆಕೆಂಡಿಗೆ ಸುಮಾರು 17 ಮೀಟರ್, ಗಂಟೆಗೆ 60 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಗಾಳಿ ಇದರಲ್ಲಿ ಚೂರು ಕಡಿಮೆ ಮಾಡುತ್ತದೆ. ಕಾಯಿ ಕೀಳಿಸುವಾಗ ಮರದ ಕೆಳಗೆ ನಿಲ್ಲಬೇಡಿ ಅನ್ನುವುದು ಸುಮ್ಮನೆ ಅಲ್ಲ.

ಹಂತ 6: ಮೂರನೇ ಗುಂಪು ಖಾಲಿ ಇಲ್ಲದಿದ್ದರೆ

ಆಗ ಸಮೀಕರಣಕ್ಕೆ ಇನ್ನೊಂದು ಪದ ಸೇರಿಸಿ: ಶುರುವಿನ ಯಾಂತ್ರಿಕ ಶಕ್ತಿ − ಘರ್ಷಣೆ ತಿಂದದ್ದು + ಎಂಜಿನ್ನೋ ಕೈಯೋ ಕೊಟ್ಟದ್ದು = ಕೊನೆಯ ಯಾಂತ್ರಿಕ ಶಕ್ತಿ.

50 ಕಿಲೋ ಕಾಫಿ ಮೂಟೆಯನ್ನು ಲಾರಿಯಿಂದ 3 ಮೀಟರ್ ಉದ್ದದ ಹಲಗೆಯ ಮೇಲೆ ಜಾರಿಸುತ್ತಾರೆ. ಲಾರಿಯ ತಳ ನೆಲದಿಂದ 1.2 ಮೀಟರ್. ಹಲಗೆಯ ಘರ್ಷಣೆ 150 ನ್ಯೂಟನ್ ಅಂತಿರಲಿ. ಗುರುತ್ವ ಕೊಡುವುದು 50 × 9.8 × 1.2 = 588 ಜೂಲ್. ಘರ್ಷಣೆ ತಿನ್ನುವುದು 150 × 3 = 450 ಜೂಲ್. ಉಳಿದದ್ದು 138 ಜೂಲ್, ವೇಗ ಸೆಕೆಂಡಿಗೆ 2.35 ಮೀಟರ್. ಘರ್ಷಣೆ ಮರೆತರೆ 4.85 ಬರುತ್ತಿತ್ತು.

ಎರಡು ಅಳತೆ ಬೇರೆ ಬೇರೆ ಎಂದು ಗಮನಿಸಿ. ಗುರುತ್ವಕ್ಕೆ 1.2, ನೇರ ಎತ್ತರ. ಘರ್ಷಣೆಗೆ 3, ಮೂಟೆ ಉಜ್ಜಿಕೊಂಡು ಬಂದ ದಾರಿ. ಎರಡಕ್ಕೂ ಒಂದನ್ನೇ ಹಾಕುವುದು ಈ ಹಂತದ ಮಾಮೂಲಿ ತಪ್ಪು.

ಘರ್ಷಣೆ 200 ನ್ಯೂಟನ್ ಆದರೆ ತಿನ್ನುವುದು 600, ಬರುವುದು 588. ವರ್ಗಮೂಲದ ಒಳಗೆ ಋಣ ಸಂಖ್ಯೆ. ಕ್ಯಾಲ್ಕ್ಯುಲೇಟರ್ ಎರರ್ ಅನ್ನುತ್ತದೆ. ಅದರ ತಪ್ಪಲ್ಲ, ಮೂಟೆ ಹಲಗೆಯ ಮೇಲೆ ಜಾರುವುದೇ ಇಲ್ಲ. ಹಮಾಲರು ತಳ್ಳಬೇಕು.

ಇನ್ನು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲು. ಆ ಘಾಟಿಯ ಇಳಿಜಾರು 50ಕ್ಕೆ 1, ಅಂದರೆ 1 ಕಿಲೋಮೀಟರಿಗೆ 20 ಮೀಟರ್ ಕೆಳಕ್ಕೆ. ಬ್ರೇಕು, ಘರ್ಷಣೆ ಏನೂ ಇಲ್ಲದೆ ನಿಂತಲ್ಲಿಂದ ಬಿಟ್ಟರೆ ಒಂದೇ ಕಿಲೋಮೀಟರಿಗೆ ವೇಗ ಗಂಟೆಗೆ 71 ಕಿ.ಮೀ., ಹತ್ತು ಕಿಲೋಮೀಟರಿಗೆ 225. ನಿಜದ ರೈಲು ಒಂದೇ ನಿಧಾನ ಗತಿಯಲ್ಲಿ ಇಳಿಯುತ್ತದೆ. ‘ವೇಗ ಬದಲಾಗಿಲ್ಲ, ಹಾಗಾಗಿ ಶಕ್ತಿ ಸಂರಕ್ಷಣೆ ಆಗಿದೆ’ ಎಂದು ಬರೆದರೆ ಸೊನ್ನೆ ಅಂಕ. ಚಲನಶಕ್ತಿ ಅಷ್ಟೇ ಇದೆ, ಎತ್ತರ ಇಳಿಯುತ್ತಿದೆ, ಅಂದರೆ ಯಾಂತ್ರಿಕ ಶಕ್ತಿ ಕಡಿಮೆಯಾಗುತ್ತಲೇ ಇದೆ. 1,000 ಟನ್ ಗಾಡಿಯಾದರೆ ಪ್ರತಿ ಕಿಲೋಮೀಟರಿಗೆ 19.6 ಕೋಟಿ ಜೂಲ್. ಅಷ್ಟನ್ನೂ ಬ್ರೇಕಿನ ವ್ಯವಸ್ಥೆ ಮತ್ತು ಘರ್ಷಣೆ ಹೊರಬೇಕು.

ಶಿರಾಡಿ, ಚಾರ್ಮಾಡಿಯಲ್ಲಿ ಕಾರು ಓಡಿಸುವವರಿಗೂ ಇದೇ ಲೆಕ್ಕ. 1,000 ಕಿಲೋ ಕಾರು 500 ಮೀಟರ್ ಇಳಿದರೆ 49 ಲಕ್ಷ ಜೂಲ್. 15 ಲೀಟರ್ ನೀರನ್ನು 25 ಡಿಗ್ರಿಯಿಂದ 100ಕ್ಕೆ ತರಲು ಅದು ಸಾಕು. ಗೇರಿನಲ್ಲಿದ್ದರೆ ಎಂಜಿನ್ನು ಇದರಲ್ಲಿ ಒಳ್ಳೆಯ ಪಾಲು ಹಿಡಿಯುತ್ತದೆ. ಪೆಟ್ರೋಲ್ ಉಳಿಸುತ್ತೇನೆ ಅಂತ ನ್ಯೂಟ್ರಲ್ ಮಾಡಿದರೆ ಗಾಳಿ, ಟೈರು ನುಂಗಿ ಉಳಿದದ್ದೆಲ್ಲ ಬ್ರೇಕಿನ ತಲೆ ಮೇಲೆ. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ ಜಾಗ ನೋಡಿ ನಿಲ್ಲಿಸಿ, ಆರಲು ಬಿಡಿ.

ಹಂತ 7: ಉತ್ತರ ನಂಬುವ ಮೊದಲು

ಉತ್ತರವನ್ನು ಕಣ್ಣಿಗೆ ಕಾಣುವ ವಸ್ತುವಿನ ಪಕ್ಕ ಇಟ್ಟು ನೋಡಿ. 1,000 ಮೀಟರ್ ಮೇಲಿನ ಮೋಡದಿಂದ ಬೀಳುವ ಮಳೆಹನಿಗೆ ಸೂತ್ರ ಹಾಕಿದರೆ ಸೆಕೆಂಡಿಗೆ 140 ಮೀಟರ್, ಗಂಟೆಗೆ 504 ಕಿ.ಮೀ. ಬರುತ್ತದೆ. ಆ ವೇಗದಲ್ಲಿ ಬಿದ್ದಿದ್ದರೆ ಮೂಡಿಗೆರೆಯ ಆಷಾಢದಲ್ಲಿ ಯಾರೂ ಕೊಡೆ ಹಿಡಿದು ಓಡಾಡುವ ಹಾಗಿರಲಿಲ್ಲ. ದೊಡ್ಡ ಹನಿಯೂ ನೆಲಕ್ಕೆ ಬರುವುದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ. ಉಳಿದ ಶಕ್ತಿಯೆಲ್ಲ ಗಾಳಿಗೆ ಹೋಗಿದೆ. ಹೀಗೆ ಬಂದರೆ ಹಂತ 2ಕ್ಕೆ ವಾಪಸ್ ಹೋಗಿ, ಗಾಳಿಯನ್ನು ಯಾಕೆ ಬಿಟ್ಟಿರಿ ನೋಡಿ.

ಇನ್ನೊಂದು ಗುರುತು: ಗುರುತ್ವ ಮಾತ್ರ ಕೆಲಸ ಮಾಡುವ ಲೆಕ್ಕದಲ್ಲಿ ವೇಗದ ಉತ್ತರದಲ್ಲಿ ದ್ರವ್ಯರಾಶಿ ಉಳಿದುಕೊಂಡಿದ್ದರೆ ಎಲ್ಲೋ ಒಂದು ಪದದಲ್ಲಿ ಅದನ್ನು ಬರೆಯಲು ಮರೆತಿದ್ದೀರಿ.

ಗೋಲಿ ಉರುಳಿಸುವವರಿಗೆ ಬೇರೆ ಮಾತು. 20 ಸೆಂಟಿಮೀಟರ್ ಎತ್ತರದ ಇಳಿಜಾರಿನಿಂದ ಗೋಲಿ ಉರುಳಿದರೆ ಸೆಕೆಂಡಿಗೆ 1.98 ಮೀಟರ್ ಬರಬೇಕು, 1.67 ಮಾತ್ರ ಬಂತು, ಘರ್ಷಣೆ ತಿಂದಿತು ಅಂತ ಬರೆಯುತ್ತಾರೆ. ಅಲ್ಲ. ಗೋಲಿ ಮುಂದಕ್ಕೆ ಹೋಗುತ್ತಾ ತಿರುಗುತ್ತದೆ ಕೂಡ. ತಿರುಗುವುದಕ್ಕೂ ಚಲನಶಕ್ತಿ ಬೇಕು. ಗಟ್ಟಿ ಗೋಲಿಯಲ್ಲಿ ಒಟ್ಟು ಚಲನಶಕ್ತಿಯ ಏಳರಲ್ಲಿ ಎರಡು ಪಾಲು ಅದಕ್ಕೇ ಹೋಗುತ್ತದೆ. ಜಾರದೆ ಉರುಳಿದರೆ ಯಾಂತ್ರಿಕ ಶಕ್ತಿ ಹೋಗಿಲ್ಲ, ನೀವು ಎಣಿಸಲಿಲ್ಲ ಅಷ್ಟೇ.

ಹಂತ 8: ದಾರ ಮತ್ತು ನಟ್‌ನಿಂದ ಪರೀಕ್ಷಿಸಿ

ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ನಟ್ ತೂಗುಬಿಡಿ. ಮೊಳೆಯಿಂದ ನಟ್‌ನ ನಡುವಿಗೆ ಸರಿಯಾಗಿ 1 ಮೀಟರ್ ಇರಲಿ. ನಟ್ ತೂಗುವ ಜಾಗದ ಹಿಂದೆ, ಮುಟ್ಟದಂತೆ ಆದಷ್ಟು ಹತ್ತಿರಕ್ಕೆ, ಸ್ಕೇಲನ್ನು ಅಡ್ಡಲಾಗಿ ನಿಲ್ಲಿಸಿ. ಮೊಬೈಲನ್ನು ನೇರ ಎದುರಿಗೆ, ಒಂದೆರಡು ಮೀಟರ್ ದೂರದಲ್ಲಿಡಿ.

ನಟ್ಟನ್ನು ಪಕ್ಕಕ್ಕೆ ಸುಮಾರು 44 ಸೆಂಟಿಮೀಟರ್ ಎಳೆಯಿರಿ. ಆಗ ಅದು 10 ಸೆಂಟಿಮೀಟರ್ ಮೇಲೇರಿರುತ್ತದೆ. ಟೇಪಿನಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ದಾರ ಬಿಗಿಯಾಗಿರಲಿ. ತಳ್ಳದೆ, ಬೆರಳು ಬಿಡಿಸಿ ಬಿಡಿ.

ಲೆಕ್ಕದ ಪ್ರಕಾರ ಕೆಳಗಿನ ತುದಿಯಲ್ಲಿ ವೇಗ ಸೆಕೆಂಡಿಗೆ 1.4 ಮೀಟರ್. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಮೊಬೈಲ್ ಆದರೆ ಹತ್ತು ಫ್ರೇಮಿನಲ್ಲಿ ನಟ್ 5.8 ಸೆಂಟಿಮೀಟರ್ ದಾಟಬೇಕು, 120 ಆದರೆ ಐದು ಫ್ರೇಮಿನಲ್ಲಿ. ತೀರಾ ಕೆಳಗಿನ ಜಾಗದ ಎರಡೂ ಪಕ್ಕ ಸಮನಾಗಿ ಎಣಿಸಿ.

ಸ್ವಲ್ಪ ಕಡಿಮೆ ಬಂದರೆ ಗಾಳಿ, ಗಂಟು, ಅಳತೆಯ ಒರಟುತನ. ತಲೆ ಕೆಡಿಸಿಕೊಳ್ಳಬೇಡಿ. ಜಾಸ್ತಿ ಬಂದರೆ ಮಾತ್ರ ಅನುಮಾನಪಡಿ. ಬಿಡುವಾಗ ತಳ್ಳಿದ್ದೀರಿ, ಇಲ್ಲವೇ ಸ್ಕೇಲು ನಟ್‌ಗಿಂತ ತುಂಬಾ ಹಿಂದಿದೆ. ಹಿಂದಿದ್ದರೆ ನಟ್ ಹೆಚ್ಚು ದೂರ ಹೋದ ಹಾಗೆ ಕಾಣುತ್ತದೆ.

ಆಮೇಲೆ ಎರಡನೇ ಮೊಳೆ. ಮೇಲಿನ ಮೊಳೆಯ ನೇರ ಕೆಳಗೆ, ದಾರದ ಅರ್ಧದಲ್ಲಿ, ದಾರ ತಗಲುವಂತೆ ಒಂದು ಹಲಗೆಗೆ ಹೊಡೆದು ನಿಲ್ಲಿಸಿ. ಮತ್ತೆ 10 ಸೆಂಟಿಮೀಟರಿನಿಂದ ಬಿಡಿ. ಒಂದು ಪಕ್ಕ ಉದ್ದ ದಾರ, ಇನ್ನೊಂದು ಪಕ್ಕ ಗಿಡ್ಡ ದಾರ. ಗಿಡ್ಡ ಪಕ್ಕದಲ್ಲಿ ನಟ್ ಎಷ್ಟು ಮೇಲೇರುತ್ತದೆ ಅಂತ ಬಿಡುವ ಮುಂಚೆ ಊಹಿಸಿ ಬರೆದಿಡಿ. ಏರುವುದು ಹೆಚ್ಚೂಕಡಿಮೆ ಅದೇ 10 ಸೆಂಟಿಮೀಟರ್. ಎರಡನೇ ಮೊಳೆ ಯಾವಾಗಲೂ ನೀವು ನಟ್ ಬಿಡುವ ಮಟ್ಟಕ್ಕಿಂತ ಮೇಲೇ ಇರಬೇಕು. ಕೆಳಗಿದ್ದರೆ ದಾರ ನಡುವೆ ಸಡಿಲವಾಗಿ ನಟ್ ಕುಸಿಯುತ್ತದೆ, ಇಲ್ಲವೇ ಮೊಳೆಗೇ ಸುತ್ತಿಕೊಳ್ಳುತ್ತದೆ.